ವೇಲಚೇರಿಯಲ್ಲಿ ಸ್ವಾಮಿಗೊಂದು ಕೋಣೆ

ಚೆನ್ನೈಗೆ ಬಂದಿಳಿದ ದಿನ ಮೊದಲು ನನ್ನನ್ನು ಕೇಳಿದ್ದು ನನ್ನಪ್ಪನ ಹೆಸರು. ಕೇಳಿದವನು ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್ನಿನ ಮ್ಯಾನೇಜರ್. ಮ್ಯಾನ್ಷನ್ ಅಂದರೆ ಇಲ್ಲಿ ಬಂಗಲೆ ಅಲ್ಲ, ಮದುವೆಯಾಗದ ಗಂಡಸರು ಕೋಣೆಗೆ ಮೂವರು ನಾಲ್ವರಂತೆ ಇರುವ ಲಾಡ್ಜು. ಹೆಸರು ಕೇಳಿದ, ಚೌರಪ್ಪ ಅಂದೆ. "ಇನಿಷಿಯಲ್?" ಅಂದ. ನಮ್ಮ ಕಡೆ ಇನಿಷಿಯಲ್ ಅಂದರೆ ಊರಿನ ಅಕ್ಷರ. "ಕೆ" ಅಂದೆ.

"ಕೆ-ನಾ ಎನ್ನ? ಅಪ್ಪಾ ಪೇರು ಎನ್ನ?"

ತಮಿಳು ಅಷ್ಟಿಷ್ಟು ಅರ್ಥವಾಗುತ್ತಿತ್ತು. ಅದು ಅಪ್ಪನ ಹೆಸರಲ್ಲ, ಊರಿನ ಹೆಸರು ಅಂತ ಕೈಸನ್ನೆ ಮಾಡಿ ಹೇಳಿದೆ. ಅವನು ಪಕ್ಕದಲ್ಲಿ ಪೇಪರ್ ಓದುತ್ತಿದ್ದವನ ಕಡೆ ತಿರುಗಿ ನಕ್ಕ. "ಊರಾ? ಊರಾ ಉನ್ನ ಪೆತ್ತುಚ್ಚು?" ಅಂದ. ಊರೇ ಹೆತ್ತಿತೇನೋ ನಿನ್ನ, ಅಂತ.

ಇಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಅಪ್ಪನ ಅಕ್ಷರ ನಿಂತಿರುತ್ತದೆ. ಅಂಗಡಿ ಬೋರ್ಡಿನ ಮೇಲೆ, ಸತ್ತವರ ಪೋಸ್ಟರಿನ ಮೇಲೆ, ಎಲ್ಲಾ ಕಡೆ. ಇನಿಷಿಯಲ್ ಇಲ್ಲದವನು ಅನ್ನುವುದು ಇಲ್ಲಿ ಕೆಟ್ಟ ಬೈಗುಳ. ಅದು ನನಗೆ ಆಮೇಲೆ ಗೊತ್ತಾಯಿತು. ಆವತ್ತು ಸುಮ್ಮನೆ "ಎ" ಅಂದುಬಿಟ್ಟೆ. ಅದು ನಮ್ಮವ್ವನ ಹೆಸರಿನ ಅಕ್ಷರ, ಆರೋಗ್ಯಮ್ಮ. "ಅಂತೋಣಿಯಾ?" ಅಂತ ಅವನೇ ಕೇಳಿದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಹೀಗೆ ಬಂದ ಮೊದಲ ದಿನವೇ ಈ ಊರು ನನಗೊಬ್ಬ ಅಪ್ಪನನ್ನು ಮಾಡಿಕೊಟ್ಟಿತು.

ಇದನ್ನೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ ಒಂದೊಂದೇ ಬೆರಳಿನಲ್ಲಿ ಒತ್ತಿ ಬರೆಯುತ್ತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಕೊಳ್ಳೇಗಾಲದಿಂದಾಚೆ, ಒಂದು ಚರ್ಚು, ಎರಡು ರೇಷ್ಮೆ ಫಿಲೇಚರು ಇರುವ ಚಿಕ್ಕ ಊರು ಅಂದರೆ ಸಾಕು. ಓದಿದವರಿಗೆ ಗೊತ್ತಾದರೆ ಆಗಲಿ. ಅಲ್ಲಿ ಈ ವಿಷಯ ಗೊತ್ತಿಲ್ಲದವರು ಯಾರೂ ಇಲ್ಲ.

ನಮ್ಮವ್ವ ಗುರುಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಗುರುಮನೆ ಅಂದರೆ ಚರ್ಚಿನ ಪಕ್ಕ ಸ್ವಾಮಿಗಳು ಇರುವ ಮನೆ. ನಾವು ಪಾದ್ರಿಗಳನ್ನು ಸ್ವಾಮಿ ಅಂತಲೇ ಕರೆಯುವುದು. ಆಗಿದ್ದ ಸ್ವಾಮಿ ಮದ್ರಾಸಿನ ಕಡೆಯವರು, ತಮಿಳರು. ನಾನು ಹುಟ್ಟಿದೆ. ನನಗೆ ಜ್ಞಾನಸ್ನಾನ ಕೊಟ್ಟು ತಲೆ ಮೇಲೆ ನೀರು ಹಾಕಿದವರೂ ಅವರೇ ಅಂತೆ. ನನಗೆ ಹಲ್ಲು ಬರುವ ಮೊದಲೇ ಅವರಿಗೆ ವರ್ಗವಾಯಿತು. ಸ್ವಾಮಿಗಳಿಗೆ ವರ್ಗವಾಗುವುದು ಸಾಧಾರಣ, ಊರೆಲ್ಲ ಸೇರಿ ಹಾರ ಹಾಕಿ ಕಳಿಸುತ್ತಾರೆ. ಇವರಿಗೆ ಹಾರ ಹಾಕಲಿಲ್ಲ. ಅವ್ವನನ್ನು ಯಾರೂ ಹೊಡೆಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಬರುವ ಸ್ವಾಮಿ ಬೇರೆ ಅಡುಗೆಯವಳನ್ನು ಕರೆತರುತ್ತಾರೆ, ನೀನು ಬರಬೇಡ ಅಂದರು, ಅಷ್ಟೇ. ಅವಳು ಫಿಲೇಚರಿಗೆ ಸೇರಿ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯತೊಡಗಿದಳು. ಬೆರಳ ತುದಿ ಯಾವಾಗಲೂ ಬೆಂದು ಬೆಳ್ಳಗಿರುತ್ತಿತ್ತು. ಚರ್ಚಿನಲ್ಲಿ ಕೊನೆಯ ಸಾಲು. ಪಕ್ಕದಲ್ಲಿ ಕೂರುತ್ತಿದ್ದವಳು ಮರಿಯಮ್ಮತ್ತೆ ಒಬ್ಬಳೇ. ಅವಳೂ ಫಿಲೇಚರಿನವಳು, ನಮ್ಮ ಪಕ್ಕದ ಮನೆಯವಳು.

ಶಾಲೆಯಲ್ಲಿ ಹುಡುಗರು ನನ್ನನ್ನು "ಗುರುಮನೆ ಕೂಸು" ಅನ್ನುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಫಿಲೇಚರಿನಲ್ಲೇ ಬೆಳೆದೆ. ಮೀಸೆ ದಪ್ಪ ಆದಮೇಲೆ ಅಲ್ಲಿನ ಗುಮಾಸ್ತರೊಬ್ಬರು ಓದಿಸಿ ಹತ್ತನೇ ಕ್ಲಾಸು ಕಟ್ಟಿಸಿದರು. ಪಾಸಾದಾಗ ನನ್ನ ಓರಗೆಯವರ ಮಕ್ಕಳು ಒಂದನೇ ಕ್ಲಾಸಿಗೆ ಹೋಗುತ್ತಿದ್ದರು. ಗುಮಾಸ್ತರ ಪರಿಚಯದವರು ಚೆನ್ನೈಯಲ್ಲಿ ಫ್ಲ್ಯಾಟು ಕಟ್ಟಿಸುತ್ತಿದ್ದರು, ಸ್ಟೋರಿನಲ್ಲಿ ಕೆಲಸ ಕೊಡುತ್ತೇನೆ ಅಂದರು. ತೊಂಬತ್ತೆಂಟನೇ ಇಸವಿ.

ಹೊರಡುವ ದಿನ ಅವ್ವ ಬುತ್ತಿ ಕಟ್ಟುತ್ತಾ ಹೇಳಿದಳು. "ಅವ್ರು ಅಲ್ಲೇ ಅವ್ರಂತೆ ಕಣ್ ಮಗ. ವಯಸ್ಸಾದ ಸ್ವಾಮಿಗಳ್ನೆಲ್ಲ ಒಂದ್ಕಡೆ ಮಡಗವ್ರಂತಲ್ಲ, ಸಮುದ್ರದ ಮಗ್ಗುಲ್ಗೆ, ಅಲ್ಲಿ."

"ಯಾರು?"

"ಯಾರು ಅಂತೀಯಲ್ಲ" ಅಂದಳು. ಅದಕ್ಕಿಂತ ಹೆಚ್ಚಿಗೆ ಅವಳು ಯಾವತ್ತೂ ಏನೂ ಹೇಳಲಿಲ್ಲ.

*

ಮೊದಲ ವರ್ಷದ ಚೆನ್ನೈ ನನಗೆ ನೀರಿನ ನೆನಪು. ನಮ್ಮೂರಲ್ಲಿ ನೀರು ಬಾವಿಯಲ್ಲಿರುತ್ತದೆ, ಸೇದಿದರೆ ಬರುತ್ತದೆ. ಇಲ್ಲಿ ನೀರು ಲಾರಿಯಲ್ಲಿ ಬರುತ್ತದೆ. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಬೀದಿಯುದ್ದಕ್ಕೂ ತಾವೇ ಸಾಲು ನಿಂತಿರುತ್ತವೆ, ಲಾರಿ ಹಾರ್ನ್ ಕೇಳಿದ ಕೂಡಲೇ ಅವುಗಳ ಹಿಂದಿನ ಹೆಂಗಸರು ಎಲ್ಲಿಂದಲೋ ಓಡಿಬರುತ್ತಾರೆ. ಹಾಗೆಯೇ ನವೆಂಬರಿನಲ್ಲಿ ಬೇಡ ಬೇಡ ಅಂದರೂ ಮನೆಯೊಳಕ್ಕೆ ಬರುವುದೂ ನೀರೇ. ಊಟಕ್ಕೆ ಅನ್ನ, ಕೊಳಂಬು ಅನ್ನುವ ಹುಳಿ, ಮತ್ತೆ ಅನ್ನ. ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಎಷ್ಟು ಅನ್ನ ತಿಂದರೂ ಖಾಲಿ ಖಾಲಿ. ಮೆಸ್ಸಿನವನು "ಇನ್ನೂ ಪೋಡವಾ ತಂಬಿ?" ಅಂತ ಬಡಿಸುತ್ತಲೇ ಇರುತ್ತಿದ್ದ. ತಂಬಿ ಅಂದರೆ ತಮ್ಮ. ಚಿಕ್ಕವರನ್ನೆಲ್ಲ ಹಾಗೇ ಕರೆಯುತ್ತಾರೆ. ಗುರುತು ಪರಿಚಯ ಇಲ್ಲದವರು ತಮ್ಮ ಅನ್ನುತ್ತಾರೆ, ಮೊದಮೊದಲು ಅದಕ್ಕೇ ಕಣ್ಣು ತುಂಬಿಬರುತ್ತಿತ್ತು.

ಒಂದು ಸುಖ ಇತ್ತು, ಅದನ್ನು ಮುಚ್ಚಿಡಬಾರದು. ಇಲ್ಲಿ ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನನ್ನ ಕಿವಿ ನೋಡುತ್ತಿರಲಿಲ್ಲ. ನನ್ನ ಕಿವಿ ಅಗಲ, ತುದಿ ಮುಂದಕ್ಕೆ ಬಾಗಿದೆ. ಊರಲ್ಲಿ ಮುದುಕಿಯರು ನನ್ನ ಮುಖ ನೋಡುವ ಮೊದಲು ಕಿವಿ ನೋಡುತ್ತಿದ್ದರು.

ಮನೆ ಹುಡುಕುವಾಗ ಮಾತ್ರ ಮತ್ತೆ ಅದೇ ಪ್ರಶ್ನೆ. ಒಂದು ಮನೆಯನ್ನು ಪಾಲು ಮಾಡಿ ಬಾಡಿಗೆಗೆ ಕೊಡುವುದಕ್ಕೆ ಇಲ್ಲಿ ಪೋರ್ಷನ್ ಅನ್ನುತ್ತಾರೆ. ಗೇಟಿನ ಮೇಲೆ ಬೋರ್ಡು ನೋಡಿ ಒಳಗೆ ಹೋದರೆ, ಮನೆಯಮ್ಮ ನೀರು ಕೊಡುತ್ತಾಳೆ, ಕೂರಿಸುತ್ತಾಳೆ, ಆಮೇಲೆ, "ಅಪ್ಪಾ ಎನ್ನ ಪಣ್ರಾರು?" ಅಪ್ಪ ಏನು ಮಾಡುತ್ತಾರೆ. ಮೈಲಾಪುರದ ಕಡೆ ಒಬ್ಬರು ಕನ್ನಡದವರೇ ಸಿಕ್ಕಿದ್ದರು, ನಾಮ ಹಾಕಿಕೊಂಡ ಹಿರಿಯರು, ಎಲ್ಲೈಸಿಯಲ್ಲಿದ್ದು ರಿಟೈರಾದವರು, ಮೂರು ತಲೆಮಾರಿನಿಂದ ಇಲ್ಲೇ. "ಕನ್ನಡ ಕೇಳಿ ಎವ್ವಳವು ನಾಳಾಚ್ಚು! ಬಾಪ್ಪಾ, ಕೂತ್ಕೊ" ಅಂದರು, ಕನ್ನಡ ಕೇಳಿ ಎಷ್ಟು ದಿನವಾಯಿತು ಅಂತ. ಅಷ್ಟರಲ್ಲಿ ಅಪ್ಪನ ವಿಷಯ ಬಂತು. ತೀರಿಕೊಂಡಿದ್ದಾರೆ ಅಂದೆ. "ಅಯ್ಯೋ ಪಾವಂ. ಎಲ್ಲಿ ವರ್ಕ್ ಪಣ್ಣಿಂಡಿದ್ರು?" ಅಂದರು, ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ. ಚರ್ಚಿನಲ್ಲಿ ಅಂದೆ. ಅವರು ಕನಿಕರದಿಂದಲೇ ಇಲ್ಲ ಅಂದರು, ಅದು ಧರ್ಮದ ಕಾರಣಕ್ಕೋ ಮಾಂಸ ಬೇಯಿಸುತ್ತಾನೆ ಅಂತಲೋ, ಅವರ ಮೇಲೆ ನನಗೆ ಸಿಟ್ಟಿಲ್ಲ. ಬದುಕಿರುವವರನ್ನು ಸಾಯಿಸಿ ಬಂದೆನಲ್ಲ ಅಂತ ಆವತ್ತು ಬಸ್ಸಿನಲ್ಲಿ ಕೂತಾಗ ಅನ್ನಿಸಿತು. ಮುಂದಿನ ಭಾನುವಾರ ವಯಸ್ಸಾದ ಸ್ವಾಮಿಗಳ ಮನೆ ಹುಡುಕಿಕೊಂಡು ಹೋದೆ.

*

ಬೆಸೆಂಟ್ ನಗರ ದಾಟಿ ಇನ್ನೂ ಸ್ವಲ್ಪ ದೂರ, ಗೋಡೆಯೊಳಗೆ ಬೇವಿನ ಮರಗಳು, ಉದ್ದನೆಯ ಜಗಲಿ, ಜಗಲಿಯುದ್ದಕ್ಕೂ ಬೆತ್ತದ ಕುರ್ಚಿಗಳಲ್ಲಿ ಬಿಳಿ ಅಂಗಿಯ ಮುದುಕರು. ಅವರನ್ನು ನೋಡಿಕೊಳ್ಳುವ ಸಗಾಯಂ ಅನ್ನುವವನು ಯಾರು ಬೇಕು ಅಂತ ಕೇಳಿದ. ಕೊಳ್ಳೇಗಾಲದ ಕಡೆ ಇದ್ದ ಸ್ವಾಮಿ ಅಂದೆ. ಅವನು ಕೂಗಿ ಹೇಳಿದ. ಕೊನೆಯ ಕುರ್ಚಿಯಲ್ಲಿದ್ದವರು ತಲೆ ಎತ್ತಿದರು. ನಾನು ಮೊದಲು ನೋಡಿದ್ದು ಅವರ ಕಿವಿ.

"ಸ್ತೋತ್ರ ಸ್ವಾಮಿ" ಅಂದೆ. ನಮ್ಮ ಕಡೆ ಸ್ವಾಮಿಗಳನ್ನು ಕಂಡರೆ ಹಾಗೆ ಅನ್ನಬೇಕು.

"ನಮ್ ಕಡೆಯವ್ನಾ? ಬಾ ಬಾ, ಕುಂತ್ಕ. ಉಣ್ಕಂಡ್ ಬಂದ್ಯಾ?"

ನಾನು ನಿಂತೇ ಇದ್ದೆ. ಅವರ ಬಾಯಿಂದ ಬಂದದ್ದು ನಮ್ಮವ್ವನ ಕನ್ನಡ. ಪುಸ್ತಕದ್ದಲ್ಲ, ಚರ್ಚಿನ ಪ್ರಸಂಗದ್ದಲ್ಲ, ಅಡುಗೆಮನೆಯದು. 'ಕುಂತ್ಕ' ಅನ್ನುವಾಗ ಕೊನೆಗೆ ಅವಳು ಹೇಗೆ ಎಳೆಯುತ್ತಾಳೋ ಹಾಗೇ. ತಮಿಳಿನ ಮನುಷ್ಯ ಕನ್ನಡವನ್ನು ಯಾರ ಬಾಯಿಂದ ಕಲಿತರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

"ಯಾರ್ ಮಗ ನೀನು?"

"ಆರೋಗ್ಯಮ್ಮನ ಮಗ ಸ್ವಾಮಿ. ಚೌರಪ್ಪ."

ಅವರು ಬೇವಿನ ಮರದ ಕಡೆ ನೋಡಿದರು. ಆಮೇಲೆ ತಮಿಳಿನಲ್ಲಿ, ಯಾರಿಗೆ ಬೇಕಾದರೂ ಕೇಳುವ ದನಿಯಲ್ಲಿ, "ಅಮ್ಮಾ ನಲ್ಲಾ ಇರುಕ್ಕಾಂಗಳಾ, ತಂಬಿ?" ಅಂದರು. ಅಮ್ಮ ಚೆನ್ನಾಗಿದ್ದಾರಾ.

ನಾನು ಅವ್ವ ಕಟ್ಟಿಕೊಟ್ಟಿದ್ದ ಉಪ್ಸಾರಿನ ಖಾರ ತಂದಿದ್ದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದದ್ದು, ಸೀಸೆಯಲ್ಲಿ. ಡಾಕ್ಟರು ಖಾರ ಬೇಡ ಅಂದಿದ್ದಾರೆ ಅಂತ ಅವರು ಅದನ್ನು ಸಗಾಯಂಗೆ ಕೊಟ್ಟುಬಿಟ್ಟರು. ಅವನು ಮುಚ್ಚಳ ತೆಗೆದು ಮೂಸಿ, "ಅಡೇಯಪ್ಪಾ!" ಅಂತ ಸೀನಿದ. ಎಲ್ಲಾ ಸ್ವಾಮಿಗಳೂ ನಕ್ಕರು. ನಾನೂ ನಕ್ಕೆ. ಹಿಂದಿರುಗುವಾಗ ಸಮುದ್ರದ ದಂಡೆಯಲ್ಲಿ ಕೂತೆ. ಜೋಡಿಗಳು, ಮಕ್ಕಳು, ಬಜ್ಜಿ ಅಂಗಡಿ. ಎಷ್ಟು ಹೊತ್ತು ಕೂತರೂ ಅಳು ಬರಲಿಲ್ಲ.

ಆಮೇಲೆ ಭಾನುವಾರಗಳಲ್ಲಿ ಹೋಗುತ್ತಲೇ ಇದ್ದೆ. ಅವರು ನನ್ನನ್ನು ಬೇಡ ಅನ್ನಲಿಲ್ಲ. ಉಗುರು ಕತ್ತರಿಸಿಕೊಟ್ಟೆ, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾವಿಬ್ಬರೇ ಇದ್ದಾಗ ಅವರಿಗೆ ಕನ್ನಡ ಬರುತ್ತಿತ್ತು. ಯಾರಾದರೂ ಹತ್ತಿರ ಬಂದರೆ ತಮಿಳಿಗೆ ಹೋಗುತ್ತಿದ್ದರು. ಬಾಗಿಲು ಹಾಕಿಕೊಂಡ ಹಾಗೆ. ಅದಕ್ಕೇ ನಾನು ತಮಿಳು ಕಲಿತೆ ಅನ್ನಬೇಕು. ಸೈಟಿನಲ್ಲಿ ಮೇಸ್ತ್ರಿಗಳ ಹತ್ತಿರ, ಬಸ್ ಬೋರ್ಡು ಓದುತ್ತಾ ಓದುತ್ತಾ, ಎರಡು ವರ್ಷದಲ್ಲಿ ಅಕ್ಷರವನ್ನೂ ಕಲಿತೆ. ಕನ್ನಡದಲ್ಲೇ ತಡವಾಗಿ ಅಕ್ಷರ ಕಂಡವನು ತಮಿಳು ಪೇಪರ್ ಓದಿದೆ ಅಂದರೆ ನನ್ನ ಮಟ್ಟಿಗೆ ದೊಡ್ಡ ಗೆಲುವು. ಒಂದು ದಿನ ಅವರ ಮುಂದೆ ತಮಿಳಿನಲ್ಲಿ ಸುವಾರ್ತೆ ಓದಿ ತೋರಿಸಿದೆ. "ಪರವಾ ಇಲ್ಲಯೇ" ಅಂದರು. ಅವರು ಯಾರನ್ನಾದರೂ ಅದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾನು ಕೇಳಿಲ್ಲ.

ಅವ್ವ ತೀರಿಕೊಂಡಾಗ ಊರಿಗೆ ಹೋಗಿ ಮಣ್ಣು ಮಾಡಿ ಬಂದೆ. ಬಂದು ಅವರಿಗೆ ಹೇಳಿದೆ. ಅವರು ಎಲ್ಲಿ ಹೂತಿರಿ ಅಂತ ಮಾತ್ರ ಕೇಳಿದರು. ಗೋಡೆ ಪಕ್ಕ, ಹುಣಸೆಮರದ ಕಡೆ ಅಂದೆ. "ಆ ಕಡೆ ನೀರ್ ನಿಲ್ತದೆ" ಅಂದರು. ಮಾರನೆಯ ಬೆಳಿಗ್ಗೆ ಚಾಪೆಲ್‌ನಲ್ಲಿ ಅವರದೇ ಪೂಜೆ. ಯಾರಿಗಾಗಿ ಈ ಪೂಜೆ ಅಂತ ಮೊದಲಿಗೇ ಹೇಳುವುದು ಪದ್ಧತಿ. ಕರ್ನಾಟಕದ ಆರೋಗ್ಯಮ್ಮ ಅನ್ನುವವರ ಆತ್ಮಕ್ಕಾಗಿ, ಅಂದರು. ಆ 'ಅನ್ನುವವರ' ನನ್ನ ಎದೆಯಲ್ಲಿ ಬಹಳ ದಿನ ಕೂತಿತ್ತು. ಆದರೆ ಪರಮಪ್ರಸಾದದ ರೊಟ್ಟಿ ಎತ್ತುವಾಗ ಪಕ್ಕದ ಸ್ವಾಮಿ ಎದ್ದು ಬಂದು ಅವರ ಮೊಣಕೈ ಹಿಡಿದುಕೊಳ್ಳಬೇಕಾಯಿತು.

*

ಮದುವೆಯಾದೆ. ಹೆಂಡತಿ ಫಿಲೋಮಿನಾ ಎಣ್ಣೂರಿನ ಮೀನುಗಾರರ ಮನೆಯವಳು. ಮದುವೆ ಗೊತ್ತಾಗುವ ಮೊದಲೇ ಅವಳಿಗೆ ಎಲ್ಲಾ ಹೇಳಿದ್ದೆ. ಅವಳು, "ಸಾಮಿಯಾರ್ ಮೀನ್ ಸಮೈಕ್ಕ ಸೊಲ್ಲಿ ಕುಡುತ್ತಾರಾ ಉಂಗ ಅಮ್ಮಾವುಕ್ಕು?" ಅಂದಳು. ಸ್ವಾಮಿ ನಿಮ್ಮಮ್ಮನಿಗೆ ಮೀನು ಗೀನು ಮಾಡೋದಾದರೂ ಹೇಳಿಕೊಟ್ಟರಾ, ಅಂತ. ಅವಳ ಮಾತೇ ಹಾಗೆ. ಬೇರೆ ಹೆಂಗಸಾಗಿದ್ದರೆ ನಾನು ಮತ್ತೆ ಮ್ಯಾನ್ಷನ್ನಿಗೆ ಹೋಗಬೇಕಾಗುತ್ತಿತ್ತು.

ಮಗಳು ಹುಟ್ಟಿದಳು. ಕಂಪನಿ ವೇಲಚೇರಿಯಲ್ಲಿ ಫ್ಲ್ಯಾಟು ಎಬ್ಬಿಸುತ್ತಿತ್ತು, ಕೆರೆ ಇದ್ದ ಕಡೆಯೆಲ್ಲ ಕಾಂಕ್ರೀಟು. ಅಲ್ಲೇ ಹತ್ತಿರ ಒಂದು ಹಳೇ ಮನೆಯ ಕೆಳಗಿನ ಪೋರ್ಷನ್ ಹಿಡಿದೆವು. ನಮಗೆ ಬೇಕಾದದ್ದಕ್ಕಿಂತ ಒಂದು ಕೋಣೆ ಹೆಚ್ಚಿಗೆ ಇತ್ತು. ಮೆಟ್ಟಿಲಿಲ್ಲ, ಕಕ್ಕಸು ಪಕ್ಕದಲ್ಲೇ, ಕೂರುವಂಥ ವೆಸ್ಟರ್ನ್ ಕಮೋಡು. ನಾನು ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿದೆ.

"ಯಾರುಕ್ಕು ಇದು?" ಅಂದಳು ಫಿಲೋಮಿನಾ.

"ಗೊತ್ತಲ್ಲ."

"ಬರಲಿ. ನಾನು ಬೇಯಿಸಿ ಹಾಕ್ತೀನಿ. ಹಾಸಿಗೆ ಹಿಡಿದ್ರೆ ತೊಳೆಯೋನು ನೀನು" ಅಂದಳು, ತಮಿಳಿನಲ್ಲಿ. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು.

ಆ ಭಾನುವಾರ ಜಗಲಿಯಲ್ಲಿ ನಾವಿಬ್ಬರೇ. ಸಗಾಯಂ ದೂರದಲ್ಲಿ ಬಟ್ಟೆ ಹಿಂಡುತ್ತಿದ್ದ.

"ಸ್ವಾಮಿ, ನನ್ನ ಮನೆಗೆ ಬನ್ನಿ. ಕೆಳಗಡೆ ಒಂದು ಕೋಣೆ ಇದೆ."

"ಬತ್ತೀನಿ. ಒಂದಿನ ಊಟಕ್ ಬತ್ತೀನಿ."

"ಊಟಕ್ಕಲ್ಲ. ಇರಕ್ಕೆ."

ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಅಕ್ಕಪಕ್ಕದವ್ರು ಕೇಳ್ತಾರೆ. ಯಾರು ಅಂತ ಹೇಳೀಯೆ?"

"ನಮ್ಮಪ್ಪ ಅಂತ."

ಹುಟ್ಟಿ ಅಷ್ಟು ವರ್ಷಕ್ಕೆ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಥಟ್ಟನೆ ಸಗಾಯಂ ಕಡೆ ನೋಡಿದರು.

"ಮೆಲ್ಲಗ್ ಮಾತಾಡ್ಲಾ" ಅಂದರು. 'ಲಾ' ಅಂತ ನನ್ನನ್ನು ಅವರು ಕರೆದದ್ದೂ ಅದೇ ಮೊದಲು. ನಮ್ಮ ಕಡೆ ಗದರಿಸುವಾಗ ಮನೆಯ ಹುಡುಗರಿಗೆ ಮಾತ್ರ ಹಾಗೆ ಅನ್ನುತ್ತಾರೆ. "ಈ ಬಾಯಲ್ಲಿ ಹೂಂ ಅಂದ್ರೆ ನಾಳಿಂದ ಪೂಜೆ ಮಾಡಂಗಿಲ್ಲ ನಾನು. ಈ ಕೋಣೆ ಬುಡ್ಬೇಕು, ಈ ಅಂಗಿ ಬುಡ್ಬೇಕು. ನಂಗೆ ಬೇರೆ ಏನ್ ಬತ್ತದೆ ಹೇಳು? ಒಂದ್ ಲೋಟ ಕಾಪಿ ಕಾಯ್ಸಕ್ ಬರಕಿಲ್ಲ."

"ಮನೇಲೇ ಪೂಜೆ ಮಾಡಿ."

"ಯಾರ್ಗೆ? ನಿಂಗಾ?" ನಕ್ಕರು, ನಗು ಕೆಮ್ಮಾಯಿತು.

ನನಗೆ ಸಿಟ್ಟು ಬಂತು. ಅವ್ವನಿಗೆ ಯಾರೂ ಕೋಣೆ ಕೊಟ್ಟಿರಲಿಲ್ಲ, ಬೆತ್ತದ ಕುರ್ಚಿ ಕೊಟ್ಟಿರಲಿಲ್ಲ. ಬೆಂದ ಕೈಯಲ್ಲಿ ಅವಳು ಮುದ್ದೆ ತಿರುವುತ್ತಿದ್ದಳು. ಇವರ ಕೈಗೆ ಜನ ಬಂದು ಮುತ್ತಿಡುತ್ತಿದ್ದರು. ಅದನ್ನು ಹೇಳಬೇಕು ಅಂತಲೇ ಬಾಯಿ ತೆಗೆದೆ. ಆದರೆ ಮನೆ ಬಿಡಬೇಕಾಗುತ್ತದೆ ಅನ್ನುವ ಭಯ ಆ ಮುಖದಲ್ಲಿತ್ತು. ಅಷ್ಟು ಗೇಟುಗಳ ಮುಂದೆ ನಿಂತು ಬಂದವನಿಗೆ ಆ ಭಯದ ಗುರುತಿತ್ತು. ಎದ್ದು ನಿಂತೆ.

ಹೊರಡುವಾಗ ಅವರೇ ಕರೆದರು. "ಚೌರಿ. ಮಳೆಗಾಲ ಕಳೀಲಿ. ನೋಡಾನ."

*

ಆ ವರ್ಷದ ಮಳೆ ವೇಲಚೇರಿಯಲ್ಲಿದ್ದವರು ಮರೆಯುವಂಥದ್ದಲ್ಲ. ನಮ್ಮ ಮನೆಯೊಳಗೆ ತೊಡೆಯ ಮಟ್ಟಕ್ಕೆ ನೀರು ಬಂತು. ನಾನು, ಫಿಲೋಮಿನಾ, ಮಗಳು ಮೇಲಿನ ಪೋರ್ಷನ್ನಿನವರ ಮನೆಯಲ್ಲಿ ಮಲಗಿದೆವು. ಸ್ವಾಮಿಗಾಗಿ ತಂದಿಟ್ಟಿದ್ದ ಹತ್ತಿಯ ಹಾಸಿಗೆ ನೀರು ಕುಡಿದು ಹೆಣದ ಹಾಗಾಯಿತು, ಇಬ್ಬರು ಸೇರಿ ಎಳೆದು ಬೀದಿಗೆ ಹಾಕಬೇಕಾಯಿತು. ನೀರು ಇಳಿದ ಮೇಲೆ ಗೋಡೆಯ ಕೆಸರಿನ ಗೆರೆ ತೊಳೆದೆ, ಸುಣ್ಣ ಹೊಡೆಸಿದೆ. ಹೊಸ ಹಾಸಿಗೆ ಹೊಲಿಯಲು ಕೊಟ್ಟೆ. ಕ್ರಿಸ್ಮಸ್ ಆಗಲಿ, ಹೋಗಿ ಕೇಳೋಣ ಅಂದುಕೊಂಡೆ.

ಹಾಸಿಗೆ ಬಂದ ವಾರ ಸಗಾಯಂ ಫೋನ್ ಮಾಡಿದ. ಬೆಳಗಿನ ಪೂಜೆಗೆ ಅಂಗಿ ಹಾಕಿಕೊಳ್ಳುತ್ತಾ ಇದ್ದವರು ಹಾಗೇ ಕುರ್ಚಿಯಲ್ಲಿ ಒರಗಿದರಂತೆ.

ಚರ್ಚು ತುಂಬಿತ್ತು. ಮುಂದಿನ ಬೆಂಚುಗಳಲ್ಲಿ ಅವರ ಮನೆಯವರು. ನಾನು ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದೆ. ಮುಂದಕ್ಕೆ ಹೋಗುತ್ತಿದ್ದಾಗ ಒಬ್ಬ ಅಡ್ಡ ಬಂದು ನನ್ನ ಭುಜದ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಲಾರೆನ್ಸ್, ಅವರ ತಮ್ಮನ ಮಗ. ಒಂದೆರಡು ಸಲ ಜಗಲಿಯಲ್ಲಿ ನೋಡಿದ್ದೆ. ಅವನಿಗೂ ಅದೇ ಕಿವಿ.

"ಅಣ್ಣಾ, ಎಲ್ಲಾಂ ತೆರಿಯುಂ" ಅಂದ. ಎಲ್ಲಾ ಗೊತ್ತು. ಆಮೇಲೆ ತಮಿಳಿನಲ್ಲೇ ಮೆಲ್ಲಗೆ ಹೇಳಿದ. "ಹೋದ ತಿಂಗಳು ದೊಡ್ಡಪ್ಪ ನನ್ನನ್ನ ಕೇಳಿದ್ರು, ಇಲ್ಲಿಂದ ವೇಲಚೇರಿಗೆ ಯಾವ ಬಸ್ಸು ಅಂತ. ಮಳೆ ನೀರು ಇಳೀತಾ ಅಂತ. ಯಾಕೆ ಅಂದೆ. ಹೇಳಲಿಲ್ಲ."

ನಾನು ಮತ್ತೆ ಮುಂದಕ್ಕೆ ಹೆಜ್ಜೆ ಇಟ್ಟೆ.

"ಆದ್ರೆ ಅಣ್ಣಾ, ಅಲ್ಲಿ ನೋಡಿ." ಮುಂದಿನ ಬೆಂಚಿನಲ್ಲಿ ಬಿಳಿ ಸೀರೆಯ ಮುದುಕಿ ಬಾಗಿ ಕೂತಿದ್ದಳು. "ಅತ್ತೆ. ದೊಡ್ಡಪ್ಪನ ಅಕ್ಕ. ಬಳೆ ಮಾರಿ ಅವರನ್ನ ಸೆಮಿನರಿಗೆ ಕಳಿಸಿದೋರು. ಅವರಿಗೆ ತಮ್ಮ ಅಂದ್ರೆ ದೇವರು. ಇಷ್ಟು ವರ್ಷ ಹಿಂದೆ ನಿಂತ್ರಿ. ಇವತ್ತೊಂದಿನ ನಿಲ್ಲಿ ಅಣ್ಣಾ. ನಿಮ್ಮ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳಲು ನಾನು ಬಿಡಲಿಲ್ಲ. ಹಿಂದಕ್ಕೆ ಹೋದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನಾವು ಸತ್ತರೆ ಪೆಟ್ಟಿಗೆಯನ್ನು ಪೀಠದ ಕಡೆ ಕಾಲು ಬರುವ ಹಾಗೆ ಇಡುತ್ತಾರೆ, ಬದುಕಿದ್ದಾಗ ಹೇಗೆ ಪೀಠ ನೋಡುತ್ತಿದ್ದೆವೋ ಹಾಗೆ. ಸ್ವಾಮಿಗಳನ್ನು ತಿರುಗಿಸಿ ಇಡುತ್ತಾರೆ. ಅವರ ತಲೆ ಪೀಠದ ಕಡೆ, ಮುಖ ಜನರ ಕಡೆ. ತಲೆದಿಂಬು ಎತ್ತರ ಇಟ್ಟಿದ್ದರು. ಮುಂದಿನ ಬೆಂಚಿನವರೆಲ್ಲ ತಲೆ ತಗ್ಗಿಸಿ ಅಳುತ್ತಿದ್ದರು. ಬಾಗಿಲ ಹತ್ತಿರ ನಿಂತ ನನಗೆ ಅಡ್ಡ ಯಾರೂ ಇರಲಿಲ್ಲ, ನಡುವಿನ ದಾರಿ ನೆಟ್ಟಗೆ ಅವರ ಮುಖಕ್ಕೇ ಹೋಗುತ್ತಿತ್ತು. ಪೂಜೆ ಮುಗಿಯುವ ತನಕ ಅವರು ನನ್ನ ಕಡೆಗೇ ತಿರುಗಿದ್ದರು. ಅಷ್ಟು ಹೊತ್ತು ಅವರ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ, ಅವರು ಬೇವಿನ ಮರದ ಕಡೆ ತಿರುಗಿಬಿಡುತ್ತಿದ್ದರು.

ಗುಂಡಿಯ ಹತ್ತಿರ ಮನೆಯವರು ಮೊದಲು ಮಣ್ಣು ಹಾಕಿದರು, ಆಮೇಲೆ ಸ್ವಾಮಿಗಳು, ಆಮೇಲೆ ಸಿಸ್ಟರುಗಳು, ಆಮೇಲೆ ಜನ. ನನ್ನ ಸರದಿ ಬರುವಷ್ಟರಲ್ಲಿ ಪೆಟ್ಟಿಗೆ ಕಾಣುತ್ತಿರಲಿಲ್ಲ. ನಾನು ಹಾಕಿದ ಮಣ್ಣು ಮಣ್ಣಿನ ಮೇಲೆ ಬಿತ್ತು.

*

ಆ ಕೋಣೆಯಲ್ಲಿ ಈಗ ಮಗಳು ಓದಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಊರಿಗೆ ಕರೆದುಕೊಂಡು ಹೋದರೆ ಅಲ್ಲಿನ ಮಕ್ಕಳು ಅವಳನ್ನು "ತಮಿಳು ಹುಡುಗಿ" ಅನ್ನುತ್ತಾರೆ. ಇಲ್ಲಿ ನನ್ನನ್ನು ಮೇಸ್ತ್ರಿಗಳು "ಕನ್ನಡಕ್ಕಾರರು" ಅನ್ನುತ್ತಾರೆ. ಅದೆಲ್ಲ ದೊಡ್ಡ ಕಷ್ಟ ಅಲ್ಲ. ಕಷ್ಟ ಇರುವುದು ನವೆಂಬರ್ ಎರಡನೇ ತಾರೀಖು.

ಅವತ್ತು ಸತ್ತವರ ದಿನ. ಇಲ್ಲಿ ಕಲ್ಲರೈ ತಿರುನಾಳ್ ಅನ್ನುತ್ತಾರೆ, ಗೋರಿ ಹಬ್ಬ ಅಂದಹಾಗೆ. ಹಿಂದಿನ ವಾರವೇ ಗೋರಿಗೆ ಸುಣ್ಣ ಬಳಿದು, ಅವತ್ತು ಸೇವಂತಿಗೆ ಹಾಸಿ, ಮೇಣದಬತ್ತಿ ಹಚ್ಚಿ, ಮನೆಯವರು ಗೋರಿಯ ಪಕ್ಕ ನಿಲ್ಲುತ್ತಾರೆ. ಸ್ವಾಮಿ ಒಂದೊಂದೇ ಗೋರಿಗೆ ಪವಿತ್ರ ಜಲ ಚಿಮುಕಿಸುತ್ತಾ ಬರುತ್ತಾರೆ. ನಮ್ಮೂರಲ್ಲೂ ಹಾಗೇ. ಅವ್ವನ ಗೋರಿ ಅಲ್ಲಿ, ಇವರದ್ದು ಇಲ್ಲಿ, ದಿನ ಒಂದೇ. ಇಲ್ಲಿ ನಾನು ನಿಲ್ಲದಿದ್ದರೂ ಸ್ವಾಮಿಗಳ ಗೋರಿಗೆ ಸೆಮಿನರಿಯ ಹುಡುಗರು ಇದ್ದಾರೆ, ಲಾರೆನ್ಸ್ ಇದ್ದಾನೆ. ಅಲ್ಲಿ ಯಾರೂ ಇಲ್ಲ. ಇದು ಗೊತ್ತಿದ್ದೂ ಈ ಸಲ ನಾನು ಇಲ್ಲೇ ಉಳಿದೆ. ಯಾಕೆ ಅಂತ ಫಿಲೋಮಿನಾ ಕೇಳಿದಳು, ನಾನು ಮೇಣದಬತ್ತಿ ತರಲು ಅಂಗಡಿಗೆ ಹೋದೆ.

ಸ್ವಾಮಿಯ ಮನೆಯವರು ಬಂದು ಹೋಗುವವರೆಗೂ ಕಾದು, ಮಗಳನ್ನು ಕರೆದುಕೊಂಡು ಒಳಗೆ ಹೋದೆ. ಅವಳು ಮೇಣದಬತ್ತಿ ಹಚ್ಚಿ, ಗಾಳಿಗೆ ಅಂಗೈ ಅಡ್ಡ ಹಿಡಿದು, "ಇವಂಗ ನಮಕ್ಕು ಯಾರುಪ್ಪಾ?" ಅಂದಳು. ಇವರು ನಮಗೆ ಯಾರಪ್ಪ.

ಸುತ್ತ ಜನ ಇದ್ದರು. "ನಮ್ಮೂರಲ್ಲಿ ಇದ್ದ ಸ್ವಾಮಿ ಕಣವ್ವ" ಅಂದೆ.

ಅವಳು ತಲೆ ಆಡಿಸಿದಳು. ಅಷ್ಟರಲ್ಲಿ ಮೊಬೈಲ್ ಬಂತು, ಊರಿಂದ ಮರಿಯಮ್ಮತ್ತೆ. ಅವ್ವನ ಗೋರಿಗೆ ಬತ್ತಿ ಹಚ್ಚಲು ಅವಳಿಗೆ ಹೇಳಿದ್ದೆ.

"ಹಚ್ಚಿವ್ನಿ ಕಣ್ ಚೌರಿ. ನೀರ್ ನಿಂತದೆ, ಇಟ್ಟಿಗೆ ಇಟ್ಟು ಅದ್ರ್ ಮ್ಯಾಲೆ ಮಡಗ್ದಿ. ಸ್ವಾಮಿ ಬಂದು, ಈ ಗೋರಿಯವ್ರು ಯಾರೂ ಇಲ್ವಾ ಅಂದ್ರು. ಮಗ ಅವ್ನೆ, ಮದ್ರಾಸಲ್ಲಿ ಅವ್ನೆ ಅಂದೆ. ಮಗ ಇದ್ದೂ ಬ್ಯಾರೇರು ಹಚ್ಚದೇನ್ಲಾ? ಕೊಡು, ಕೂಸ್ಗೆ ಕೊಡು."

ಮಗಳಿಗೆ ಕೊಟ್ಟೆ. ಎಲ್ಲಿದ್ದೀಯವ್ವ ಅಂತ ಅವಳು ಕೇಳಿರಬೇಕು. ಮಗಳು ತಮಿಳಿನಲ್ಲಿ, ಗೋರಿ ಹತ್ತಿರ ಇದ್ದೀವಿ ಅಜ್ಜಿ, ಅಪ್ಪನ ಊರಲ್ಲಿ ಇದ್ದರಂತೆ ಒಬ್ಬರು ಸ್ವಾಮಿ, ಅವರಿಗೆ ಬತ್ತಿ ಹಚ್ಚುತ್ತಾ ಇದ್ದೀವಿ ಅಂದಳು. ಮರಿಯಮ್ಮತ್ತೆಗೆ ತಮಿಳು ಚೆನ್ನಾಗಿ ಬರುತ್ತದೆ.

ಮಗಳು ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಮರಿಯಮ್ಮತ್ತೆ ಅಂದಳು, "ಚೌರಿ. ಆ ಕೂಸ್ಗೂ ಸ್ವಾಮಿ ಅಂತ್ಲೇ ಹೇಳ್ಬುಟ್ಟಾ?"

ಇಲ್ಲಿ ಮಳೆ ಜೋರಾಯಿತು ಅತ್ತೆ, ಆಮೇಲೆ ಮಾಡುತ್ತೇನೆ ಅಂತ ಹೇಳಿ ಫೋನ್ ಇಟ್ಟೆ. ಮಳೆ ಬರುತ್ತಿರಲಿಲ್ಲ.